ಸೆಕೆಂಡಿಗೆ ಅರವತ್ತೊಂಬತ್ತು ಸಾವಿರದ ಎಪ್ಪತ್ತೈದು

ಡೊಳ್ಳಿನ ಶಬ್ದವನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಎಂಬ ಬಗ್ಗೆ ಚಿತ್ರದುರ್ಗದ ಜಿಲ್ಲಾ ಧ್ವನಿ ಪ್ರಚಾರ ಕೋಶದಲ್ಲಿ ಆ ವರ್ಷದ ಮಾರ್ಚ್ ತಿಂಗಳವರೆಗೆ ಯಾವುದೇ ಲಿಖಿತ ಆದೇಶ ಇರಲಿಲ್ಲ. ಹೀಗಾಗಿ ಅದಕ್ಕೂ ಮುಂಚೆ ಜಿಲ್ಲೆಯಲ್ಲಿ ಮೊಳಗಿದ ಡೊಳ್ಳುಗಳೆಲ್ಲವನ್ನೂ ನಿಯಮದ ಪ್ರಕಾರ ಬರೀ ಸದ್ದು ಎಂದೇ ಪರಿಗಣಿಸಲಾಗಿದೆ.

ಈ ಕೊರತೆಯನ್ನು ಕೋಶದ ಗಮನಕ್ಕೆ ತಂದವಳು ಮಮತಾ. ತರಬೇಕೆಂದು ತಂದದ್ದಲ್ಲ, ಕೈತಪ್ಪಿ ಬಂದದ್ದು. ಅವಳು ಹಿರಿಯೂರಿನ ಹುಡುಗಿ, ಧ್ವನಿಮುದ್ರಣದ ಡಿಪ್ಲೊಮಾ ಮಾಡಿಕೊಂಡವಳು, ಕೋಶದಲ್ಲಿ ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ ಇದ್ದಳು. ಮೇ ಹನ್ನೆರಡರಿಂದ ಕುರಿಗಳಿಗೆ ನೀಲಿ ನಾಲಿಗೆ ರೋಗದ ಲಸಿಕೆ ಹಾಕುವ ಶಿಬಿರಗಳು ಶುರುವಾಗುವುದಿತ್ತು. ಅಷ್ಟರೊಳಗೆ ಎರಡು ನಿಮಿಷದ ಒಂದು ಹಾಡು ಮಾಡಿ, ಆಟೋದಲ್ಲಿ ಮೈಕು ಕಟ್ಟಿ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಟ್ಟಿಹಟ್ಟಿಗೂ ಕೇಳಿಸಬೇಕು ಅಂತ ಮೇಲಿನಿಂದ ಪತ್ರ ಬಂತು. ಈ ಕೆಲಸ ಸಿಕ್ಕಿದ್ದಕ್ಕೆ ಮಮತಾಳಿಗೆ ಖುಷಿಯೇ ಆಯಿತು. ಅವಳ ಅಜ್ಜನ ಕುರಿ ರೊಪ್ಪ ಒಂದೇ ಮಳೆಗಾಲದಲ್ಲಿ ಖಾಲಿಯಾದದ್ದು ಅದೇ ರೋಗದಿಂದ. ಹಾಡು ಅವಳೇ ಬರೆದಳು, ಗಾಯಕಿಯನ್ನು ಕರೆಸಲು ಕಾಲಾವಕಾಶವಿಲ್ಲದ್ದರಿಂದ ಅವಳೇ ಹಾಡುವುದೆಂದೂ ಆಯಿತು. ಉಳಿದದ್ದು ಡೊಳ್ಳು.

ಡೊಳ್ಳಿನವರನ್ನೇ ಕರೆಸಿದರೆ ಆಗದೇ ಎಂದು ಅವಳು ಕೇಳಿದಳು. ಕರೆಸುವುದಾದರೆ ಕನಿಷ್ಠ ಮೂವರು ಡೊಳ್ಳಿನವರಿಂದ ಮುಚ್ಚಿದ ಲಕೋಟೆಯಲ್ಲಿ ದರಪಟ್ಟಿ ಪಡೆಯಬೇಕು, ಆ ಲಕೋಟೆಗಳನ್ನು ತೆರೆಯಲು ಒಂದು ಸಮಿತಿ ಬೇಕು, ಸಮಿತಿಯ ಅಧ್ಯಕ್ಷರು ರಜೆಯ ಮೇಲಿದ್ದಾರೆ ಎಂದು ಪ್ರಥಮ ದರ್ಜೆ ಸಹಾಯಕ ಪರಮೇಶ್ ವಿವರಿಸಿದ. ಅಲ್ಲದೆ ಕೋಶದ ಬಳಿ ಜಿಲ್ಲಾ ಡೊಳ್ಳು ತಂತ್ರಾಂಶ ಎಂಬುದೊಂದಿತ್ತು. ಎರಡು ವರ್ಷದ ಹಿಂದೆ ಯಾವುದೋ ಕಂಪನಿಯವರು ಹೊಸದುರ್ಗ ತಾಲ್ಲೂಕಿನ ಬಾಗೂರಿನಿಂದ ಬೀರಪ್ಪ ಎಂಬ ಡೊಳ್ಳಿನವನನ್ನು ಕರೆತಂದು, ಬಾಗಿಲು ಹಾಕಿದ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಏಟು ಹೊಡೆಸಿಕೊಂಡಿದ್ದರು. ಕೋಲಿನ ಏಟು, ಅಂಗೈ ಏಟು, ಅಂಚಿನ ಏಟು, ಮೆಲ್ಲನೆಯದು, ಜೋರಿನದು, ಒಟ್ಟು ನಾನೂರ ಹನ್ನೆರಡು. ಅವನ್ನೆಲ್ಲ ಕಂಪ್ಯೂಟರಿನೊಳಗೆ ಜೋಡಿಸಿಟ್ಟಿದ್ದರು. ಕೀಲಿ ಒತ್ತಿದರೆ ಬೀರಪ್ಪ ಇಲ್ಲದೆಯೇ ಬೀರಪ್ಪನ ಡೊಳ್ಳು ಕೇಳುತ್ತಿತ್ತು. ಅದನ್ನು ಎರಡು ವರ್ಷ ಯಾರೂ ಒತ್ತಿರಲಿಲ್ಲ. ಏಕೆ ಒತ್ತಿಲ್ಲ ಎಂದು ಲೆಕ್ಕಪರಿಶೋಧನೆಯವರು ಕೇಳಿದ್ದರು.

ಸರಿ, ಮಮತಾ ತಂತ್ರಾಂಶ ತೆರೆದಳು. ಹೊಸ ಹಾಡು ಶುರುಮಾಡುವ ಮುನ್ನ ಅದು ಸ್ಯಾಂಪಲ್ ರೇಟ್ ಎಷ್ಟಿರಲಿ ಎಂದು ಕೇಳಿ ಐದು ಅಂಕಿ ತೋರಿಸಿತು. ನಲವತ್ತನಾಲ್ಕು ಸಾವಿರದ ನೂರು, ನಲವತ್ತೆಂಟು ಸಾವಿರ, ಎಂಬತ್ತೆಂಟು ಸಾವಿರದ ಇನ್ನೂರು, ತೊಂಬತ್ತಾರು ಸಾವಿರ, ಒಂದು ಲಕ್ಷದ ತೊಂಬತ್ತೆರಡು ಸಾವಿರ. ಅವಳು ಎರಡನೆಯದನ್ನು ಒತ್ತಲು ಹೋದಳು. ಪರಮೇಶ್ ಅವಳ ಹಿಂದೆ ಟೀ ಲೋಟ ಹಿಡಿದು ನಿಂತಿದ್ದ.

"ಮೇಡಂ," ಅಂದ ಅವನು ಮೆಲ್ಲಗೆ, "ಐದ್ರಾಗೆ ಒಂದನ್ನ ಆರಿಸ್ತಾ ಇದೀರಿ. ಉಳಿದ ನಾಕು ಯಾಕೆ ಬ್ಯಾಡ ಅಂತ ಯಾವ ಫೈಲಿನಾಗೆ ಐತೆ?"

ಯಾವ ಫೈಲಿನಲ್ಲೂ ಇರಲಿಲ್ಲ. ಮಮತಾ ಕೈ ಹಿಂದಕ್ಕೆ ತೆಗೆದಳು. ಅಂದೇ ಮಧ್ಯಾಹ್ನ ಕಡತ ತೆರೆಯಲಾಯಿತು.

ಕೋಶದ ಮುಖ್ಯಸ್ಥ ಕನಕರಾಜ್ ಕೆಟ್ಟವರೇನಲ್ಲ. ಯಾರ ಮೇಲೂ ರೇಗಿದವರಲ್ಲ, ಯಾರ ಕೆಲಸವನ್ನೂ ಬೇಕೆಂದು ತಡೆದವರಲ್ಲ. ನಾಳೆ ಯಾವುದಾದರೂ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಏನಾದರೂ ಕೇಳಿಬಿಟ್ಟರೆ ಎಂಬ ಒಂದು ಭಯ ಬಿಟ್ಟರೆ ಅವರಿಗೆ ಬೇರೆ ಭಯವಿರಲಿಲ್ಲ. ಅವರು ಮಮತಾಳನ್ನು ಕೂರಿಸಿಕೊಂಡು ವಿಷಯ ತಿಳಿದುಕೊಂಡರು. ಅವಳು ಸರಳವಾಗಿಯೇ ಹೇಳಿದಳು. ಶಬ್ದ ಹರಿಯುವ ನೀರಿನ ಹಾಗೆ, ಕಂಪ್ಯೂಟರು ಅದನ್ನು ಸೆಕೆಂಡಿಗೆ ಇಂತಿಷ್ಟು ಸಲ ಚಮಚದಲ್ಲಿ ಎತ್ತಿ ನೋಡುತ್ತದೆ, ಎಷ್ಟು ಸಲ ಎತ್ತಬೇಕೆಂಬುದೇ ಈ ಅಂಕಿ. ಬೀರಪ್ಪನ ಏಟುಗಳನ್ನು ನಲವತ್ತನಾಲ್ಕು ಸಾವಿರದ ನೂರರಲ್ಲಿ ಎತ್ತಿಟ್ಟಿದ್ದಾರೆ. ನಾವು ನಲವತ್ತೆಂಟು ಸಾವಿರ ಇಟ್ಟರೆ ತಂತ್ರಾಂಶವೇ ಹೊಂದಿಸಿಕೊಳ್ಳುತ್ತದೆ. ಇದರ ಮೇಲೆ ವಿಡಿಯೋ ಕೂಡ ಮಾಡಬೇಕಾಗಿರುವುದರಿಂದ ಅದೇ ವಾಡಿಕೆ. ಅದಕ್ಕಿಂತ ಮೇಲಿಟ್ಟರೆ ಡೊಳ್ಳು ಹೆಚ್ಚಾಗುವುದಿಲ್ಲ, ಕಂಪ್ಯೂಟರು ಏದುಸಿರು ಬಿಡುತ್ತದೆ. ಯಾವುದಾದರೂ ಒಂದನ್ನು ಮೊದಲೇ ಇಟ್ಟು, ಕೊನೆಯವರೆಗೂ ಅದನ್ನೇ ಇಟ್ಟುಕೊಂಡರೆ ಆಯಿತು.

ಕನಕರಾಜ್ ಎಲ್ಲವನ್ನೂ ಕೇಳಿಸಿಕೊಂಡರು. "ನೀನು ಹೇಳಿದ್ದು ನಂಗೆ ಅರ್ಥ ಆಯ್ತಮ್ಮ. ಆದ್ರೆ ದೊಡ್ಡದು ಇರುವಾಗ ಚಿಕ್ಕದು ಯಾಕೆ ಇಟ್ರಿ ಅಂತ ಯಾರಾದ್ರೂ ಕೇಳಿದ್ರೆ, ಚಮಚದ ಕಥೆ ಹೇಳಕ್ಕೆ ಆಗ್ತೈತಾ?"

ಆಗುವುದಿಲ್ಲ ಎಂದು ಮಮತಾಳಿಗೂ ಅನ್ನಿಸಿತು. ಹಾಗಾಗಿ ಸಾರ್ವಜನಿಕ ಪ್ರಕಟಣೆ ಹೊರಟಿತು.

"ಈ ಮೂಲಕ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸರ್ಕಾರಿ ಡೊಳ್ಳಿನ ಸ್ಯಾಂಪಲ್ ರೇಟ್ ನಿಗದಿಪಡಿಸಲು ಉದ್ದೇಶಿಸಲಾಗಿದ್ದು, ಆಸಕ್ತರು ಹದಿನೈದು ದಿನಗಳೊಳಗಾಗಿ ತಮ್ಮ ಅಹವಾಲುಗಳನ್ನು ಖುದ್ದಾಗಿ ಸಲ್ಲಿಸತಕ್ಕದ್ದು. ಡೊಳ್ಳು ತರತಕ್ಕದ್ದಲ್ಲ."

ಮೂರನೆಯ ದಿನದಿಂದ ಜನ ಬರತೊಡಗಿದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಮಣ್ಣು. ಸ್ಯಾಂಪಲ್ ಎಂದರೆ ಹೊಲದ ನಾಲ್ಕು ಮೂಲೆಯಿಂದ ಒಂದೊಂದು ಹಿಡಿ ಮಣ್ಣು ತೆಗೆದು ಪರೀಕ್ಷೆಗೆ ಕೊಡುವುದು ಎಂದೇ ಎಲ್ಲರೂ ತಿಳಿದವರು. ಹೊರಕೆರೆದೇವಪುರದಿಂದ ಬಂದ ಹಿರಿಯರೊಬ್ಬರು ಮೊದಲ ಬಸ್ಸಿಗೇ ಬಂದು ಬಾಗಿಲ ಬಳಿ ಕುಂತಿದ್ದರು. ಇದು ಆ ಸ್ಯಾಂಪಲ್ ಅಲ್ಲ ಎಂದು ಮಮತಾ ಒಬ್ಬೊಬ್ಬರಿಗೂ ಹೇಳಿದಳು. ಪರಮೇಶ್ ಮಾತ್ರ ಪ್ರಕಟಣೆಯಲ್ಲಿ ಮಣ್ಣು ತರತಕ್ಕದ್ದಲ್ಲ ಎಂದು ಎಲ್ಲೂ ಹೇಳಿಲ್ಲವಾದ್ದರಿಂದ ತಿರಸ್ಕರಿಸಲು ಬರುವುದಿಲ್ಲ ಎಂದು ಚೀಲಗಳಿಗೆ ನಂಬರು ಹಾಕಿ ಸ್ವೀಕೃತಿ ಕೊಟ್ಟ. ಇನ್ನೂರ ಆರು ಚೀಲಗಳು ಧ್ವನಿಮುದ್ರಣದ ಕೋಣೆಯಲ್ಲಿ ಗೋಡೆಗುಂಟ ಕೂತವು. ಇದರಿಂದ ಕೋಣೆಯ ಪ್ರತಿಧ್ವನಿ ಚೆನ್ನಾಗಿ ಕಡಿಮೆಯಾಯಿತು. ಇಡೀ ಪ್ರಕರಣದಲ್ಲಿ ಹಾಡಿಗೆ ಒಳ್ಳೆಯದಾದದ್ದು ಇದೊಂದೇ.

ಏಪ್ರಿಲ್ ಎರಡನೆಯ ವಾರ ನಾಲ್ಕೂ ತಾಲ್ಲೂಕುಗಳ ಪ್ರತಿನಿಧಿಗಳ ಸಭೆ ನಡೆಯಿತು. ಹಿರಿಯೂರಿನವರು ತಮ್ಮೂರಿನ ಮೇಲೆ ನಲವತ್ತೆಂಟನೇ ನಂಬರಿನ ಹೆದ್ದಾರಿ ಹಾದುಹೋಗಿರುವುದರಿಂದ ನಲವತ್ತೆಂಟು ಸಾವಿರ ತಮ್ಮ ಹಕ್ಕು ಎಂದರು. ಹೆದ್ದಾರಿ ನಮ್ಮಲ್ಲೂ ಐತೆ, ಜೊತೆಗೆ ನಮ್ಮದು ಜಿಲ್ಲಾ ಕೇಂದ್ರ, ಆದ್ದರಿಂದ ಅದರ ಎರಡರಷ್ಟು ಬೇಕು ಎಂದರು ಚಿತ್ರದುರ್ಗದವರು. ಡೊಳ್ಳು ಬಾರಿಸಿದ ಬೀರಪ್ಪ ನಮ್ಮವನು, ನಮ್ಮವನ ಏಟಿಗೆ ನಮಗೇ ಕಡಿಮೆ ರೇಟಾ ಎಂದು ಹೊಸದುರ್ಗದವರು ಎದ್ದು ನಿಂತರು. ಹೊಳಲ್ಕೆರೆಯ ಪ್ರತಿನಿಧಿ ಬಸ್ಸು ತಪ್ಪಿ ತಡವಾಗಿ ಬಂದದ್ದರಿಂದ ಅವರಿಗೆ ಉಳಿದದ್ದನ್ನು ಕೊಡಲಾಯಿತು. ನಡಾವಳಿ ಹೀಗೆ ದಾಖಲಾಯಿತು: ಚಿತ್ರದುರ್ಗಕ್ಕೆ ತೊಂಬತ್ತಾರು ಸಾವಿರ, ಹೊಸದುರ್ಗಕ್ಕೆ ಎಂಬತ್ತೆಂಟು ಸಾವಿರದ ಇನ್ನೂರು, ಹಿರಿಯೂರಿಗೆ ನಲವತ್ತೆಂಟು ಸಾವಿರ, ಹೊಳಲ್ಕೆರೆಗೆ ನಲವತ್ತನಾಲ್ಕು ಸಾವಿರದ ನೂರು, ಮುಂದಿನ ಸಾಲಿನಲ್ಲಿ ಹೆಚ್ಚಿಸುವ ಭರವಸೆಯೊಂದಿಗೆ.

ಹಾಡು ಒಂದೇ, ಒಂದು ಹಾಡಿಗೆ ಒಂದೇ ರೇಟು ಇರಲು ಸಾಧ್ಯ ಎಂದು ಮಮತಾ ಎದ್ದು ಹೇಳಿದಳು. ತಾಲ್ಲೂಕಿನ ಗಡಿ ದಾಟುವಾಗ ಆಟೋದವನೇ ಬದಲಾಯಿಸಿಕೊಳ್ಳಲಿ ಎಂಬ ಸಲಹೆ ಬಂತು. ಆಟೋದವನಿಗೆ ಆ ಅಧಿಕಾರ ಪ್ರತ್ಯಾಯೋಜನೆ ಆಗಿಲ್ಲವೆಂದು ಅದನ್ನು ಕೈಬಿಡಲಾಯಿತು. ಕೊನೆಗೆ ಕನಕರಾಜ್ ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿ ಸರಾಸರಿ ತೆಗೆದರು. ಅರವತ್ತೊಂಬತ್ತು ಸಾವಿರದ ಎಪ್ಪತ್ತೈದು ಬಂತು. ಯಾರಿಗೂ ಪೂರ್ತಿ ಖುಷಿಯಾಗದ್ದರಿಂದ ಇದು ನ್ಯಾಯವಾದ ಅಂಕಿಯೆಂದು ಎಲ್ಲರಿಗೂ ಖಾತ್ರಿಯಾಯಿತು.

ಆ ಅಂಕಿ ತಂತ್ರಾಂಶದ ಐದರಲ್ಲಿ ಇರಲಿಲ್ಲ. ಮಮತಾ ಅದನ್ನು ಹೇಳಿದಾಗ ಪರಮೇಶ್ ಒಂದು ದಿನ ಸಮಯ ಕೇಳಿದ. ಅವನು ದಡ್ಡನಲ್ಲ. ಹಾಡಿನ ಫೈಲಿಗೂ ಕಡತದ ಹಾಗೆಯೇ ಒಂದು ಮುಖಪುಟ ಇರುತ್ತದೆ, ಅದರಲ್ಲಿ ರೇಟು ಬರೆದಿರುತ್ತದೆ, ಒಳಗಿನ ಹಾಳೆ ಮುಟ್ಟದೆ ಮುಖಪುಟ ಮಾತ್ರ ತಿದ್ದಲು ಬರುತ್ತದೆ ಎಂದು ಪತ್ತೆ ಮಾಡಿಕೊಂಡು ಬಂದ. ಹಾಗೆ ತಿದ್ದಿದರೆ ನಲವತ್ತೆಂಟು ಸಾವಿರ ಚಮಚಗಳನ್ನು ಅರವತ್ತೊಂಬತ್ತು ಸಾವಿರದ ವೇಗದಲ್ಲಿ ಸುರಿದಂತಾಗುತ್ತದೆ, ಹಾಡು ಓಡುತ್ತದೆ, ದನಿ ಕೀರಲಾಗುತ್ತದೆ ಎಂದು ಮಮತಾ ಬರೆದುಕೊಟ್ಟಳು. ಅವಳ ಟಿಪ್ಪಣಿಯನ್ನು ಕಡತದಲ್ಲಿ ಭದ್ರವಾಗಿ ಇಡಲಾಯಿತು. ಅದರ ಮೇಲೆಯೇ, ತಿದ್ದಬಹುದು ಎಂಬ ಆದೇಶವೂ ಬಂತು. ಅವಳು ನಲವತ್ತೆಂಟು ಸಾವಿರದಲ್ಲಿ ಹಾಡು ಮುದ್ರಿಸಿ, ಮುಖಪುಟ ತಿದ್ದಿದಳು. ಗುತ್ತಿಗೆ ನವೀಕರಣದ ಕಡತ ಅದೇ ಮೇಜಿನ ಮೇಲಿತ್ತು ಎಂಬುದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಎರಡು ನಿಮಿಷದ ಹಾಡು ಒಂದು ನಿಮಿಷ ಇಪ್ಪತ್ತಮೂರು ಸೆಕೆಂಡಿಗೆ ಮುಗಿಯಿತು. ಡೊಳ್ಳು ಬಿಸ್ಕತ್ತಿನ ಡಬ್ಬಿಯ ಮೇಲೆ ಕಡಲೆ ಬಿದ್ದಂತೆ ಕೇಳಿತು. ಕನಕರಾಜ್ ಕಣ್ಣು ಮುಚ್ಚಿ ಕೇಳಿ, ಪ್ರತಿ ಸಲ ಮೂವತ್ತೇಳು ಸೆಕೆಂಡು ಉಳಿತಾಯ ಎಂದು ಬರೆದರು. ಆದರೆ ಹಾಡಿದ ದನಿ ಏಳೆಂಟು ವರ್ಷದ ಮಗುವಿನದಾಗಿದ್ದರಿಂದ ಇನ್ನೊಂದು ಆಕ್ಷೇಪಣೆ ಎದ್ದಿತು. ಮಗುವನ್ನು ಸರ್ಕಾರಿ ಕೆಲಸಕ್ಕೆ ಹಚ್ಚಿದ್ದು ಹೇಗೆ? ತಾನು ಮಗುವಲ್ಲ ಎಂದು ಮಮತಾ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಲಗತ್ತಿಸಿದಳು. ಎರಡನ್ನೂ ನೋಡಿದ ಪರಮೇಶ್ ಅವಳ ಮುಖವನ್ನೂ ಒಮ್ಮೆ ನೋಡಿ ಸಹಿ ಹಾಕಿದ.

ಮೇ ಹತ್ತರಂದು ಆಟೋ ಹಿರಿಯೂರು ತಾಲ್ಲೂಕಿನ ಆದಿವಾಲದ ಕಡೆ ಹೊರಟಿತು. ಹನ್ನೆರಡರಂದು ಅಲ್ಲಿ ಮೊದಲ ಶಿಬಿರ. ಪಶುವೈದ್ಯರು ಐಸ್ ಪೆಟ್ಟಿಗೆಯಲ್ಲಿ ಲಸಿಕೆ ಇಟ್ಟುಕೊಂಡು ಬೆಳಿಗ್ಗೆ ಏಳಕ್ಕೇ ಬೇವಿನ ಮರದ ಕೆಳಗೆ ಕುಳಿತರು. ಮಮತಾಳೂ ಹೋಗಿದ್ದಳು. ಒಂಬತ್ತರ ಹೊತ್ತಿಗೆ ನಲವತ್ತು ಮಕ್ಕಳು ಬಂದರು. ಎಲ್ಲರ ಕೈಯಲ್ಲೂ ಬಟ್ಟಲು. ಕುರಿ ಒಂದೂ ಬರಲಿಲ್ಲ.

ಮಮತಾ ಹಟ್ಟಿಯೊಳಗೆ ನಡೆದು ಹೋದಳು. ತಿಪ್ಪಕ್ಕ ಎಂಬ ಹಿರಿಯ ಹೆಂಗಸು ರೊಪ್ಪದ ಬಾಗಿಲಲ್ಲಿ ಹುಲ್ಲು ಹಾಕುತ್ತಿದ್ದಳು. ಅವಳವು ಎಂಬತ್ತು ಕುರಿ. ಹೋದ ವರ್ಷ ನೂರ ಮೂವತ್ತಿದ್ದವು. ಆಟೋ ಬಂದದ್ದು ಕೇಳಲಿಲ್ಲವೇ ಎಂದಳು ಮಮತಾ.

"ಬಂದಿತ್ತು ಕಣವ್ವ. ಐಸ್ ಕ್ಯಾಂಡಿ ಗಾಡಿ. ಹುಡುಗ್ರಿಗೆ ಬಟ್ಲು ಕೊಟ್ಟು ಕಳ್ಸಿದೀನಿ." ತಿಪ್ಪಕ್ಕ ಮತ್ತೆ ಹುಲ್ಲಿನ ಕಡೆ ತಿರುಗಿದಳು. "ಲಸಿಕೆಯೋರು ಬಂದ್ರೆ ಡೊಳ್ಳು ಬಾರಿಸ್ತಾರಂತೆ. ಅದುನ್ನ ಕಾಯ್ತಾ ಇದೀವಿ."

ಮಮತಾ ಬೇವಿನ ಮರದ ಕೆಳಕ್ಕೆ ಬಂದಾಗ ಐಸು ಕರಗಿ ಪೆಟ್ಟಿಗೆಯ ಸಂದಿನಿಂದ ನೀರು ಸೋರುತ್ತಿತ್ತು. ಹಾಡು ಬರೆದವಳು, ಹಾಡಿದವಳು, ತಿದ್ದಿದವಳು ಮೂವರೂ ತಾನೇ. ಸತ್ತ ಕುರಿಗಳನ್ನು ಎಣಿಸುವುದು ಬಿಟ್ಟು ಅಜ್ಜ ಸುಮ್ಮನೆ ಕೂತುಬಿಟ್ಟ ದಿನ ಅವಳಿಗೆ ನೆನಪಾಯಿತು. ಅವಳು ಚಿತ್ರದುರ್ಗದ ಬಸ್ಸು ಹತ್ತಿದಳು.

ಕಚೇರಿಯಲ್ಲಿ ಬಾಗೂರಿನ ಬೀರಪ್ಪ ಕೂತಿದ್ದ. ಹೆಗಲಿಗೆ ಡೊಳ್ಳು, ತಲೆಗೆ ಬಿಳಿ ರುಮಾಲು. ಆದಿವಾಲಕ್ಕೆ ಹೊರಡುವ ಮುನ್ನ ಆಟೋ ಅವನೂರಿಗೂ ಹೋಗಿತ್ತು. ಹಾಡಿನ ಕೊನೆಗೆ ಡೊಳ್ಳು ಬೀರಪ್ಪ, ಬಾಗೂರು ಎಂದು ಹೆಸರು ಬರುತ್ತಿತ್ತು. ಅದನ್ನು ಕೇಳಿದ ಊರವರು ಮೂರು ದಿನದಿಂದ ಅವನನ್ನು ಆಡಿಕೊಳ್ಳುತ್ತಿದ್ದರು. ಅವನು ಬಂದದ್ದು ಜಗಳಕ್ಕಲ್ಲ.

"ಸಾಹೇಬ್ರೇ, ಆ ಸದ್ದು ನಂದಲ್ಲ. ಹೆಸರು ತೆಗೆದುಬಿಡ್ರಿ, ಸಾಕು."

ಹೆಸರು ತೆಗೆಯಲು ಸದ್ದು ಅವನದಲ್ಲ ಎಂದು ಸಾಬೀತಾಗಬೇಕಿತ್ತು. ಆದ್ದರಿಂದ ಪರಿಶೀಲನೆ ನಡೆಯಿತು. ಮಣ್ಣಿನ ಚೀಲಗಳ ನಡುವೆ ನಿಂತು ಬೀರಪ್ಪ ಡೊಳ್ಳು ಬಾರಿಸಿದ. ಮೊದಲ ಏಟಿಗೇ ಕಿಟಕಿಯ ಗಾಜು ನಡುಗಿತು, ಪಕ್ಕದ ಕಚೇರಿಯವರು ಎದ್ದು ಬಂದು ಬಾಗಿಲಲ್ಲಿ ನಿಂತರು, ಪರಮೇಶನ ಕಾಲು ಅವನ ಅನುಮತಿ ಇಲ್ಲದೆ ಹೆಜ್ಜೆ ಹಾಕಿತು. ಬಳಿಕ ಹಾಡು ಹಾಕಿ ಕೇಳಲಾಯಿತು. ಎರಡಕ್ಕೂ ಹೊಂದಾಣಿಕೆ ಇಲ್ಲದ್ದು ನಿಜವೆಂದು ಕನಕರಾಜ್ ಒಪ್ಪಿದರು. ಆದರೆ ತಂತ್ರಾಂಶಕ್ಕೆ ಸರ್ಕಾರದ ಅನುಮೋದನೆ ಇತ್ತು, ಬೀರಪ್ಪನಿಗೆ ಇರಲಿಲ್ಲ. ಹಾಗಾಗಿ ಬೀರಪ್ಪನ ಡೊಳ್ಳು ಅನುಮೋದಿತ ಡೊಳ್ಳಿಗಿಂತ ನಿಧಾನವಾಗಿಯೂ ದಪ್ಪವಾಗಿಯೂ ಇರುವುದಾಗಿ ದಾಖಲಿಸಿ, ಸರಿಪಡಿಸಿಕೊಳ್ಳಲು ಅವನಿಗೆ ಹದಿನೈದು ದಿನದ ಕಾಲಾವಕಾಶ ನೀಡಲಾಯಿತು.

ಬೀರಪ್ಪ ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಹನ್ನೊಂದು ತಿಂಗಳಲ್ಲಿ ಮಮತಾ ಇನ್ನೇನು ಕಲಿತಿದ್ದಳೋ ಬಿಟ್ಟಿದ್ದಳೋ, ಕಚೇರಿಯ ಭಾಷೆಯನ್ನಂತೂ ಕಲಿತಿದ್ದಳು. ಕುರ್ಚಿ ಎಳೆದುಕೊಂಡು ಕೂತು, ಟಿಪ್ಪಣಿ ಹಾಳೆ ತೆಗೆದುಕೊಂಡು ಬರೆದಳು:

"ತಂತ್ರಾಂಶದ ಮೂಲ ಧ್ವನಿಗಳು ಬೀರಪ್ಪ, ಬಾಗೂರು ಇವರ ಶರೀರದಲ್ಲಿ ಇಂದಿಗೂ ದಾಸ್ತಾನಿರುವುದು ಪರಿಶೀಲನೆಯಿಂದ ಕಂಡುಬಂದಿರುತ್ತದೆ. ಸದರಿ ಶರೀರವನ್ನು ತಂತ್ರಾಂಶದ ಹೊರ ಉಪಕರಣವೆಂದು ಪರಿಗಣಿಸಿ ಆಟೋದ ಹಿಂದೆ ಜೋಡಿಸಿದಲ್ಲಿ ಲಕೋಟೆ ಕರೆಯುವ ಪ್ರಮೇಯ ಉದ್ಭವಿಸುವುದಿಲ್ಲ. ಉಪಕರಣ ಚಾಲನೆಯಲ್ಲಿರುವಾಗ ಆಟೋದ ಧ್ವನಿಯನ್ನು ಸೊನ್ನೆಗೆ ಇಡುವುದು ಸೂಕ್ತ. ಆದೇಶಕ್ಕಾಗಿ ಮಂಡಿಸಿದೆ."

ಕನಕರಾಜ್ ಅದನ್ನು ಎರಡು ಸಲ ಓದಿದರು. ಇದರಲ್ಲಿ ಯಾರಾದರೂ ಕೇಳಬಹುದಾದ ಪ್ರಶ್ನೆ ಒಂದೂ ಇರಲಿಲ್ಲ. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ಮಮತಾ ಅದುವರೆಗೆ ಕಂಡಿರಲಿಲ್ಲ. ಅವರು ಹಸಿರು ಶಾಯಿಯಲ್ಲಿ ಸಹಿ ಹಾಕಿದರು. ಪರಮೇಶ್ ಉಪಕರಣದ ನಮೂನೆ ತೆಗೆದು ಭರ್ತಿ ಮಾಡತೊಡಗಿದ. ಸ್ಯಾಂಪಲ್ ರೇಟ್ ಎಂಬ ಕಾಲಂ ಬಂತು. ಸೆಕೆಂಡಿಗೆ ಎಷ್ಟು ಎಂದು ಬೀರಪ್ಪನನ್ನೇ ಕೇಳಿದ.

"ನಾನು ಒಂದು ಸಲ ಬಡೀತೀನಿ," ಅಂದ ಬೀರಪ್ಪ, "ಅದು ಒಂದು ಸಲ ಕೇಳ್ತೈತೆ."

ಪರಮೇಶ್ ಅರವತ್ತೊಂಬತ್ತು ಸಾವಿರದ ಎಪ್ಪತ್ತೈದು ಎಂದು ಬರೆದ.

ಮಾರನೆಯ ಬೆಳಿಗ್ಗೆ ಆದಿವಾಲದ ದಾರಿಯಲ್ಲಿ ಆಟೋ ಮುಂದೆ ಹೋಯಿತು. ಒಳಗೆ ಅನುಮೋದಿತ ಹಾಡು ಸೊನ್ನೆ ಧ್ವನಿಯಲ್ಲಿ ನಿಯಮದಂತೆ ಓಡುತ್ತಿತ್ತು. ಹಿಂದೆ ಬೀರಪ್ಪ ಡೊಳ್ಳು ಬಾರಿಸುತ್ತ ನಡೆದ. ಅವನ ಪಕ್ಕದಲ್ಲಿ ಮಮತಾ ತನ್ನದೇ ದನಿಯಲ್ಲಿ, ತನ್ನದೇ ವಯಸ್ಸಿನಲ್ಲಿ ಹಾಡಿಕೊಂಡು ನಡೆದಳು. ಮೊದಲು ತಿಪ್ಪಕ್ಕನ ರೊಪ್ಪದ ಬಾಗಿಲು ತೆರೆಯಿತು. ಆಮೇಲೆ ಒಂದೊಂದಾಗಿ ಎಲ್ಲ ರೊಪ್ಪಗಳೂ ತೆರೆದವು. ದೂಳೆದ್ದು ಆಟೋ ಕಾಣದಾಯಿತು. ವೈದ್ಯರು ಹತ್ತು ಗಂಟೆಗೆ ತಲೆ ಬಗ್ಗಿಸಿದವರು ಸಂಜೆ ಐದಕ್ಕೆ ಎತ್ತಿದರು. ಮೂರು ವಾರದಲ್ಲಿ ನಾಲ್ಕೂ ತಾಲ್ಲೂಕು ಮುಗಿಯಿತು. ಆ ಮಳೆಗಾಲದಲ್ಲಿ ಆದಿವಾಲದಲ್ಲಿ ಒಂದು ಕುರಿಯೂ ಸಾಯಲಿಲ್ಲ.

ವರದಿ ಹೋಯಿತು. ಅರವತ್ತೊಂಬತ್ತು ಸಾವಿರದ ಎಪ್ಪತ್ತೈದು ಎಂಬ ರೇಟು ಕುರಿಗಳ ಕಿವಿಗೆ ಅತ್ಯಂತ ಸೂಕ್ತವೆಂದು ಕ್ಷೇತ್ರಮಟ್ಟದಲ್ಲಿ ಸಾಬೀತಾಗಿದೆ ಎಂದು ಅದರಲ್ಲಿತ್ತು. ಅಕ್ಕಪಕ್ಕದ ಜಿಲ್ಲೆಗಳವರು ಆ ಅಂಕಿಯನ್ನು ಬರೆದುಕೊಂಡರು. ಮಮತಾಳ ಗುತ್ತಿಗೆ ಇನ್ನೂ ಹನ್ನೊಂದು ತಿಂಗಳು ಮುಂದುವರಿಯಿತು. ಪತ್ರಿಕೆಯವರು ಬಂದು ಕೇಳಿದಾಗ ಅವಳು ಚಮಚದ ಕಥೆ ಹೇಳಲಿಲ್ಲ. ವರದಿಯಲ್ಲಿರುವುದು ಸರಿಯಾಗಿದೆ ಎಂದಷ್ಟೇ ಹೇಳಿದಳು.

ವರ್ಷದ ಕೊನೆಗೆ ದಾಸ್ತಾನು ತಪಾಸಣೆ ಬಂತು. ಉಪಕರಣ ಇದ್ದಲ್ಲಿಗೇ ಹೋಗಿ ನೋಡಬೇಕೆಂಬ ನಿಯಮ ಇರುವುದರಿಂದ ಪರಮೇಶ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಾಗೂರಿಗೆ ಹೋದ. ಬೀರಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ಅವನ ಹೆಂಡತಿ ಬೊಮ್ಮಕ್ಕ ಚಾಪೆ ಹಾಸಿ, ಕುಂತ್ಕಳ್ರಿ ಅಂದು, ಮಜ್ಜಿಗೆ ಕೊಟ್ಟಳು. ಬೀರಪ್ಪ ಬಂದ ಮೇಲೆ ಪರಮೇಶ್ ಅವನನ್ನು ಸುತ್ತಿ ನೋಡಿ, "ಬೀರಪ್ಪ, ಒಂದು, ಸುಸ್ಥಿತಿಯಲ್ಲಿದೆ" ಎಂದು ಬರೆದುಕೊಂಡ. ನಂಬರಿನ ಚೀಟಿ ಅಂಟಿಸುವುದು ಬಾಕಿಯಿತ್ತು. ಡೊಳ್ಳಿಗೆ ಅಂಟಿಸಿರಿ ಅಂದ ಬೀರಪ್ಪ. ಪುಸ್ತಕದಲ್ಲಿ ಡೊಳ್ಳು ಇರಲಿಲ್ಲ, ಬೀರಪ್ಪ ಇದ್ದ. ಮೈಗೆ ಅಂಟಿಸಿದರೆ ಬೆವರಿಗೆ ಬಿಡುತ್ತದೆ ಎಂದು ಇಬ್ಬರೂ ಯೋಚಿಸಿ ರುಮಾಲಿನ ಮುಂಭಾಗಕ್ಕೆ ಅಂಟಿಸಿದರು. ಚೀಟಿ ಹಾಳಾಗದಂತೆ ನೋಡಿಕೊಳ್ಳುವ ಜವಾಬ್ದಾರಿ ಬೊಮ್ಮಕ್ಕನದೆಂದು ಅವಳ ಹೆಬ್ಬೆಟ್ಟು ಪಡೆಯಲಾಯಿತು.

ಬೀರಪ್ಪ ಅದೇ ರುಮಾಲಿನಲ್ಲಿ ಎರಡು ಮದುವೆಗೆ ಹೋಗಿಬಂದ. ಊರವರು ಈಗ ಅವನನ್ನು ಆಡಿಕೊಳ್ಳುವುದಿಲ್ಲ, ಸರ್ಕಾರದ್ದು ಅಂತ ದಾರಿ ಬಿಡುತ್ತಾರೆ. ಹೊಳಲ್ಕೆರೆಯವರು ತಮಗೂ ಅಂಥದ್ದೊಂದು ಮಂಜೂರು ಮಾಡಬೇಕೆಂದು ಅರ್ಜಿ ಹಾಕಿದ್ದಾರೆ.

ರುಮಾಲು ಮಾತ್ರ ಬಹಳ ಕೊಳೆಯಾಗಿತ್ತು. ಬೊಮ್ಮಕ್ಕ ಪಕ್ಕದ ಮನೆಯ ಹುಡುಗಿಯಿಂದ ಒಂದು ಕಾಗದ ಬರೆಸಿ, ಸದರಿ ಉಪಕರಣದ ರುಮಾಲನ್ನು ಒಗೆಯಲು ಅನುಮತಿ ಕೋರಿದಳು. ನಾಲ್ಕು ತಿಂಗಳಿಗೆ ಉತ್ತರ ಬಂತು. ಹಿಂಭಾಗವನ್ನು ಒಗೆಯಬಹುದು ಎಂದಿತ್ತು. ಬೊಮ್ಮಕ್ಕ ಹಿಂಭಾಗವನ್ನು ಒಗೆದು, ಬಿಸಿಲಿಗೆ ಹಾಕಿದಳು.